ಅಂಗೈಯಲ್ಲಿ ಬೇಡ, ಬಯಲಲ್ಲಿರಲಿ

ಬೇಸಿಗೆಯ ಬೆಳಗಿನಲ್ಲಿ ಕಲಬುರಗಿ ನಗರವನ್ನು ಬಿಟ್ಟು ಹುಮನಾಬಾದ್ ರಸ್ತೆ ಹಿಡಿದರೆ, ಕಮಲಾಪುರ ಸಮೀಪಿಸುತ್ತಿದ್ದಂತೆ ಎರೆಮಣ್ಣಿನ ಕಪ್ಪು ಸರಿದು ಕೆಮ್ಮಣ್ಣು ಕಾಣತೊಡಗುತ್ತದೆ. ಕೆಂಪು ಬಾಳೆಯಿಂದ ಹೆಸರಾದ ಊರು ಅದು. ತೋಟಗಳ ಆಚೆಗೆ ಜಂಬಿಟ್ಟಿಗೆಯ ದಿಬ್ಬಗಳು, ಕುರುಚಲು ಪೊದೆಗಳು, ಒಣಗಿ ನಿಂತ ಹುಲ್ಲು. ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಅಲ್ಲಿ ಏನೂ ಇಲ್ಲ. ಇಳಿದು ಹತ್ತು ನಿಮಿಷ ಕದಲದೆ ಕುಳಿತವನಿಗೆ ಮಾತ್ರ ಕಲ್ಲೊಂದರ ಮೇಲೆ ತಲೆಯೆತ್ತಿ ಬಿಸಿಲು ಕಾಯಿಸುತ್ತಿರುವ ಓತಿಯೊಂದು ಕಂಡೀತು.

ಹೀಗೆ ಕಾಯಲು ಇಂದಿನ ನಗರದ ಹುಡುಗರಿಗೆ ವ್ಯವಧಾನವಿಲ್ಲ ಎಂಬ ಆರೋಪ ಸಾಮಾನ್ಯ. ಅದು ಪೂರ್ತಿ ನಿಜವಲ್ಲ. ಮೊಬೈಲಿನಲ್ಲಿ ಬಣ್ಣಬಣ್ಣದ ಸರೀಸೃಪಗಳ ಚಿತ್ರ ನೋಡಿ ಬೆರಗಾಗುವ ವಿದ್ಯಾರ್ಥಿಗಳು ಕಲಬುರಗಿಯಲ್ಲಿಯೂ ಇದ್ದಾರೆ, ಮಲೆನಾಡಿನ ಹಳ್ಳಿಗಳಲ್ಲಿಯೂ ಇದ್ದಾರೆ. ಆ ಬೆರಗು ಒಳ್ಳೆಯದೇ. ಹಲ್ಲಿ ಎಂದರೆ ಶಕುನ, ಓತಿ ಎಂದರೆ ಕಲ್ಲೆಸೆಯುವ ಗುರಿ ಎಂದುಕೊಂಡಿದ್ದ ಕಾಲಕ್ಕಿಂತ ಇದು ಮೇಲು. ಆದರೆ ಬೆರಗಿನ ಬೆನ್ನಿಗೆ ‘ಅದು ನನ್ನ ಮನೆಯಲ್ಲಿರಬೇಕು’ ಎಂಬ ಆಸೆಯೂ ಬರುತ್ತದೆ. ಈ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ತಿಳಿಯಲು ಮುಳ್ಳುಬಾಲದ ಓತಿಗಿಂತ ಉತ್ತಮ ಉದಾಹರಣೆ ಸಿಗಲಾರದು.

ಮರಳುಗಾಡಿನ ಸಸ್ಯಾಹಾರಿ

ಹಿಂದಿಯಲ್ಲಿ ‘ಸಾಂಡಾ’ ಎಂದು ಕರೆಯಲಾಗುವ ಈ ಜೀವಿ ಕರ್ನಾಟಕದ್ದಲ್ಲ. ಥಾರ್ ಮರುಭೂಮಿ, ಕಛ್ ಹಾಗೂ ಅವುಗಳ ಸುತ್ತಲಿನ ಒಣನಾಡು, ಗಡಿಯಾಚೆಯ ಪಾಕಿಸ್ತಾನದ ಬಯಲುಗಳು ಇದರ ನೆಲೆ. ದುಂಡು ತಲೆ, ಅಗಲವಾದ ಮೈ, ಉಂಗುರ ಉಂಗುರವಾಗಿ ಮುಳ್ಳಿನಂಥ ಹುರುಪೆಗಳನ್ನು ಹೊತ್ತ ದಪ್ಪ ಬಾಲ ಇದರ ಗುರುತು. ಬೆಳೆದ ಗಂಡು ಬಾಲವೂ ಸೇರಿ ಒಂದೂವರೆ ಅಡಿಯವರೆಗೆ ಇರುತ್ತದೆ. ನೋಟಕ್ಕೆ ಉಗ್ರ, ಸ್ವಭಾವದಲ್ಲಿ ಸಾಧು. ಮರಿಗಳು ಹುಳುಹುಪ್ಪಟೆ ತಿಂದರೂ ಬೆಳೆದವುಗಳ ಮುಖ್ಯ ಆಹಾರ ಎಲೆ, ಹೂವು, ಹುಲ್ಲು, ಬೀಜ. ಭಾರತದ ಹಲ್ಲಿ ಜಾತಿಗಳಲ್ಲಿ ಹೀಗೆ ಬಹುಮಟ್ಟಿಗೆ ಸಸ್ಯಾಹಾರವನ್ನೇ ನೆಚ್ಚಿದ ಜೀವಿ ಬಹು ಅಪರೂಪ.

ಗಟ್ಟಿನೆಲದಲ್ಲಿ ಪ್ರತಿಯೊಂದೂ ತನ್ನದೇ ಬಿಲ ತೋಡುತ್ತದೆ. ಬಿಲಗಳು ಒಂದರ ಬಳಿ ಒಂದು ಇದ್ದು ಊರಿನಂತೆ ಕಂಡರೂ ಮನೆ ಮಾತ್ರ ಬೇರೆ ಬೇರೆ. ರಾತ್ರಿ ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಂಡು ಮಲಗುತ್ತದೆ. ಬೆಳಿಗ್ಗೆ ಹೊರಬಂದಾಗ ಮೈಬಣ್ಣ ಕಪ್ಪಾಗಿದ್ದು, ಬಿಸಿಲು ಹೀರಿ ಮೈ ಕಾದಂತೆ ತಿಳಿಯಾಗುತ್ತದೆ. ನೀರು ಅಪರೂಪವಾದ ನಾಡಿನಲ್ಲಿ ತಿಂದ ಎಲೆಗಳಿಂದಲೇ ನೀರು ಪಡೆದು, ಹೆಚ್ಚಾದ ಉಪ್ಪನ್ನು ಮೂಗಿನ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಚಳಿಗಾಲವನ್ನು ಬಿಲದೊಳಗೆ ನಿದ್ರೆಯಲ್ಲಿ ಕಳೆಯುತ್ತದೆ. ಆ ಕಾಲಕ್ಕೆ ಬೇಕಾದ ಕೊಬ್ಬನ್ನು ಬಾಲದ ಬುಡದಲ್ಲಿ ಕೂಡಿಟ್ಟುಕೊಂಡಿರುತ್ತದೆ.

ಈ ಕೊಬ್ಬೇ ಅದರ ಶತ್ರು. ಅದನ್ನು ಕಾಯಿಸಿ ತೆಗೆದ ‘ಸಾಂಡೇ ಕಾ ತೇಲ್’ ಕೀಲುನೋವಿಗೂ ಗಂಡಸುತನಕ್ಕೂ ರಾಮಬಾಣವೆಂದು ಬೀದಿಬದಿಯ ಮಾರಾಟಗಾರರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಿಡಿದ ಓತಿ ಓಡಿಹೋಗದಂತೆ ಅದರ ಬೆನ್ನುಮೂಳೆ ಮುರಿಯುವುದು ಈ ದಂಧೆಯ ಕ್ರಮ. ಗಿರಾಕಿಯ ಕಣ್ಣೆದುರಿಗೆ ಅದು ಜೀವಂತವಾಗಿ ಕುಳಿತಿರುತ್ತದೆ. ಅದು ಸಾಧುವಾಗಿ ಕುಳಿತಿಲ್ಲ, ಏಳಲಾರದೆ ಕುಳಿತಿದೆ ಎಂಬುದು ಗಿರಾಕಿಗೆ ತಿಳಿಯುವುದಿಲ್ಲ. ಈ ಎಣ್ಣೆಗೆ ಹೇಳಲಾಗುವ ಗುಣಗಳನ್ನು ವೈದ್ಯವಿಜ್ಞಾನ ಒಪ್ಪಿಲ್ಲ. ಬೇಟೆ ಹಾಗೂ ನೆಲೆಯ ನಾಶ ಎರಡೂ ಸೇರಿ ಈ ಪ್ರಭೇದವನ್ನು ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿವೆ.

ಗಾಜಿನ ಪೆಟ್ಟಿಗೆಯ ಮರುಭೂಮಿ

ಎಣ್ಣೆಗಾಗಿ ಕೊಲ್ಲುವವನನ್ನು ಖಂಡಿಸುವುದು ಸುಲಭ. ಪ್ರೀತಿಯಿಂದ ಸಾಕುವವನ ವಿಷಯ ಅಷ್ಟು ಸುಲಭವಲ್ಲ. ಆಫ್ರಿಕ ಮತ್ತು ಅರೇಬಿಯದ ಮುಳ್ಳುಬಾಲದ ಓತಿಗಳನ್ನು ಯೂರೋಪು, ಅಮೆರಿಕಗಳಲ್ಲಿ ಅನೇಕರು ಮನೆಯಲ್ಲಿ ಸಾಕುತ್ತಾರೆ. ಅವರಲ್ಲಿ ಶ್ರದ್ಧಾವಂತರಿದ್ದಾರೆ. ಈ ಪ್ರಾಣಿಗಳ ಆಹಾರ, ರೋಗ, ಸಂತಾನ ಕುರಿತ ಎಷ್ಟೋ ತಿಳಿವಳಿಕೆ ಅಂಥ ಸಾಕಣೆಗಾರರಿಂದಲೇ ಬಂದಿದೆ ಎಂಬುದನ್ನು ಒಪ್ಪಬೇಕು.

ಆದರೆ ಆ ಸಾಕಣೆ ಎಂಥದು? ಪೆಟ್ಟಿಗೆಯ ಒಂದು ಮೂಲೆಯಲ್ಲಿ ಕಲ್ಲು 50 ಡಿಗ್ರಿಯಷ್ಟು ಕಾಯಬೇಕು, ಇನ್ನೊಂದು ಮೂಲೆ ತಂಪಾಗಿರಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ವಿಶೇಷ ದೀಪದಿಂದ ಒದಗಿಸಬೇಕು. ಅದು ತಪ್ಪಿದರೆ ಮೈಗೆ ಸುಣ್ಣದಂಶ ಹತ್ತದೆ ಎಲುಬು ಮೆತ್ತಗಾಗಿ ಪ್ರಾಣಿ ಸೊರಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೂ ಕುತ್ತು. ಇದು ಒಂದೆರಡು ತಿಂಗಳ ಮಾತಲ್ಲ. ಚೆನ್ನಾಗಿ ನೋಡಿಕೊಂಡರೆ ಇವು ಹತ್ತು ಹದಿನೈದು ವರ್ಷಕ್ಕೂ ಮಿಕ್ಕಿ ಬದುಕುತ್ತವೆ. ಹೈಸ್ಕೂಲಿನ ಹುಡುಗ ತಂದದ್ದನ್ನು ಅವನು ನೌಕರಿ ಹಿಡಿದು ಊರು ಬಿಟ್ಟ ಮೇಲೂ ಯಾರಾದರೂ ನೋಡಿಕೊಳ್ಳಬೇಕು.

‘ಕಲಬುರಗಿಯ ಬಿಸಿಲು ಥಾರಿನ ಬಿಸಿಲಿಗೇನು ಕಡಿಮೆ? ಇಲ್ಲಿ ದೀಪವೇ ಬೇಡ’ ಎಂದು ಯಾರಾದರೂ ಹೇಳಬಹುದು. ಬಿಸಿಲೊಂದೇ ಮನೆಯಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಕಲಬುರಗಿಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಇಲ್ಲಿನ ಎರೆನೆಲ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಬಿಲವನ್ನೇ ನುಂಗಿಬಿಡುತ್ತದೆ. ಮಣ್ಣು, ಮಳೆ, ಹುಲ್ಲು, ಚಳಿ ಎಲ್ಲವೂ ಕೂಡಿ ಒಂದು ಜೀವಿಯನ್ನು ಲಕ್ಷಾಂತರ ವರ್ಷಗಳಲ್ಲಿ ರೂಪಿಸಿವೆ. ಅದರಲ್ಲಿ ಒಂದನ್ನು ಮಾತ್ರ ಕೊಟ್ಟು ಉಳಿದವನ್ನು ಕಸಿದುಕೊಂಡರೆ ಅದು ಆತಿಥ್ಯವಾಗುವುದಿಲ್ಲ.

ಸಾಕಿ ಸಂತಾನ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ ಎಂಬ ವಾದವೂ ಇದೆ. ಮನೆಯಲ್ಲಿ ಹುಟ್ಟಿ ಬೆಳೆಯುವುದು ಸುಲಭವಾದ ಜಾತಿಗಳಲ್ಲಿ ಅದು ಸ್ವಲ್ಪ ನಿಜವಿರಬಹುದು. ಬೆಳೆಸುವುದು ಕಷ್ಟ, ಹಿಡಿದು ತರುವುದು ಸುಲಭ ಎಂಬಲ್ಲಿ ಮಾತ್ರ ಮಾರುಕಟ್ಟೆ ಯಾವಾಗಲೂ ಹಿಡಿದು ತರುವುದನ್ನೇ ಆರಿಸಿಕೊಳ್ಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು ಸಿಕ್ಕವು. ಜೊತೆಗಿದ್ದ ಆರು ಕಪೂಚಿನ್ ಕೋತಿಗಳು ಸತ್ತಿದ್ದವು. ಅಂಗಡಿಯ ಗಾಜಿನಲ್ಲಿ ಮುದ್ದಾಗಿ ಕಾಣುವ ಒಂದು ಪ್ರಾಣಿಯ ಹಿಂದೆ ದಾರಿಯಲ್ಲಿ ಸತ್ತ ಎಷ್ಟು ಪ್ರಾಣಿಗಳಿವೆ ಎಂಬ ಲೆಕ್ಕವನ್ನು ಮಾರುವವನು ಹೇಳುವುದಿಲ್ಲ.

ಕಾನೂನಿನ ನಿಲುವು ಸ್ಪಷ್ಟವಾಗಿದೆ. ಭಾರತದ ಮುಳ್ಳುಬಾಲದ ಓತಿ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ರಕ್ಷಣೆ ಪಡೆದ ಜೀವಿ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಹೊರದೇಶದ ಜಾತಿಗಳೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಮತ್ತು ಅದರ ಮೇಲೆ 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳ ವಿವರ ಸಲ್ಲಿಸಿ ನೋಂದಣಿ ಮಾಡಿಸಬೇಕು. ಕಾಗದಪತ್ರವಿಲ್ಲದೆ ‘ವಿದೇಶಿ ತಳಿ, ಏನೂ ತೊಂದರೆಯಿಲ್ಲ’ ಎನ್ನುವವನ ಮಾತನ್ನು ನಂಬಬಾರದು.

ಕಮಲಾಪುರದ ದಿಬ್ಬದ ಮೇಲೆ

ಹಾಗಾದರೆ ಓತಿಗಳನ್ನು ಮೆಚ್ಚುವ ವಿದ್ಯಾರ್ಥಿ ಏನು ಮಾಡಬೇಕು? ರಾಜಸ್ಥಾನಕ್ಕೆ ಹೋಗುವ ಅನುಕೂಲ ಎಲ್ಲರಿಗೂ ಇಲ್ಲ. ಅವನಿಗೆ ಉತ್ತರ ಕಮಲಾಪುರದ ದಿಬ್ಬಗಳಂಥ ನೆಲದಲ್ಲಿಯೇ ಇದೆ. ಮುಳ್ಳುಬಾಲದ ಓತಿಯ ದೂರದ ದಾಯಾದಿಗಳು ದಖ್ಖನಿನ ಒಣನೆಲದಲ್ಲಿ ಹರಡಿಕೊಂಡಿವೆ. ಗಂಟಲಚೀಲದ ಓತಿಯ ಗಂಡು ಬೇಸಿಗೆಯಲ್ಲಿ ಕಲ್ಲಿನ ಮೇಲೇರಿ ತನ್ನ ಗಂಟಲಿನ ಬೀಸಣಿಗೆಯನ್ನು ಬಿಚ್ಚಿ ಮುಚ್ಚಿ ಹೆಣ್ಣನ್ನು ಕರೆಯುತ್ತದೆ. ಕೆಲವು ಜಾತಿಗಳಲ್ಲಿ ಆ ಬೀಸಣಿಗೆ ನೀಲಿ, ಕಪ್ಪು, ಕಿತ್ತಳೆ ಬಣ್ಣಗಳಿಂದ ಹೊಳೆಯುತ್ತದೆ. ಈ ಗುಂಪಿನ ಕೆಲವು ಓತಿಗಳು ಬೇರೆಯೇ ಕುಲಕ್ಕೆ ಸೇರಿದವೆಂದು ವಿಜ್ಞಾನಿಗಳು ಗುರುತಿಸಿ ‘ಸರಡ’ ಎಂಬ ಹೆಸರಿಟ್ಟದ್ದು 2016ರಲ್ಲಿ. ಮರಾಠಿಯಲ್ಲಿ ಆ ಪದಕ್ಕೆ ಓತಿ ಎಂದೇ ಅರ್ಥ. ದಿನವೂ ತುಳಿಯುವ ನೆಲದಲ್ಲಿ ಗುರುತಿಸದೇ ಉಳಿದ ಜೀವಿಗಳಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಉಡವಿದೆ. ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದರೂ ಮಾಂಸಕ್ಕಾಗಿ, ಚರ್ಮಕ್ಕಾಗಿ, ಅದರ ಜನನಾಂಗವನ್ನು ಒಣಗಿಸಿ ‘ಹತ್ಥಾಜೋಡಿ’ ಎಂಬ ಬೇರೆಂದು ಮಾರುವ ಮೋಸಕ್ಕಾಗಿ ಅದನ್ನು ಇಂದಿಗೂ ಕೊಲ್ಲಲಾಗುತ್ತಿದೆ. ಊಸರವಳ್ಳಿಯಿದೆ, ವಿಷವಿಲ್ಲದಿದ್ದರೂ ವಿಷದ ಅಪವಾದ ಹೊತ್ತ ಹಾವುರಾಣಿಯಿದೆ. ಇವನ್ನು ನೋಡಲು ದುಡ್ಡು ಬೇಡ. ಟಿಪ್ಪಣಿ ಪುಸ್ತಕ ಮತ್ತು ತಾಳ್ಮೆ ಇದ್ದರೆ ಸಾಕು.

ಒಂದು ಓತಿಯನ್ನು ಅದರ ನೆಲದಲ್ಲಿಯೇ ನೋಡಿದರೆ ತಿಳಿಯುವುದು ಎಷ್ಟು ಎಂಬುದಕ್ಕೆ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯ ಅಧ್ಯಯನ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ಅದನ್ನು ಪ್ರಕಟಿಸಿದರು. ಗಾಳಿಯಂತ್ರಗಳಿರುವೆಡೆ ಬೇಟೆಹಕ್ಕಿಗಳು ತೀರ ಕಡಿಮೆಯಾಗಿದ್ದವು. ಅದರಿಂದ ಗಂಟಲಚೀಲದ ಓತಿಗಳು ಹೆಚ್ಚಿ, ಅವುಗಳ ಅಂಜಿಕೆ ತಗ್ಗಿ, ಗಂಡುಗಳ ಗಂಟಲಿನ ಬಣ್ಣವೂ ಮಂಕಾಗಿತ್ತು. ಆಕಾಶದ ಹಕ್ಕಿ ಇಲ್ಲವಾದರೆ ನೆಲದ ಓತಿಯ ಬಣ್ಣ ಬದಲಾಗುತ್ತದೆ! ಗಾಜಿನ ಪೆಟ್ಟಿಗೆಯ ಓತಿ ನೂರು ವರ್ಷ ಬದುಕಿದರೂ ಈ ಸಂಬಂಧವನ್ನು ಹೇಳಲಾರದು.

ಬಂಜರು ಎಂಬ ಅಪವಾದ

ಸಾಂಡಾಕ್ಕೂ ಕಮಲಾಪುರದ ಓತಿಗೂ ಇರುವ ಸಮಾನ ಸಂಕಟ ಸಾಕಣೆಗಿಂತ ದೊಡ್ಡದು. ಎರಡರ ಮನೆಯನ್ನೂ ಸರ್ಕಾರಿ ಕಡತಗಳು ‘ಬಂಜರು’ ಎಂದು ಕರೆಯುತ್ತವೆ. ಕಾಡೆಂದರೆ ಎತ್ತರದ ಮರಗಳು ಎಂದು ತಿಳಿದವರಿಗೆ ಹುಲ್ಲುನೆಲ ಖಾಲಿ ಜಾಗವಾಗಿ ಕಾಣುತ್ತದೆ. ಆ ಜಾಗದಲ್ಲಿ ಗಣಿಯಾಗಲಿ, ನಿವೇಶನವಾಗಲಿ, ಸೌರ ಫಲಕವಾಗಲಿ ಬಂದರೆ ಯಾರೂ ಕೇಳುವುದಿಲ್ಲ. ಹಸಿರು ಮಾಡುವ ಒಳ್ಳೆಯ ಉದ್ದೇಶದಿಂದಲೂ ಅನಾಹುತ ಆಗಿದೆ. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದು ಅಲ್ಲಿನ ಬಯಲಿನ ಸ್ವರೂಪವನ್ನೇ ಬದಲಿಸಿತು. ಹುಲ್ಲು, ಮಿಡತೆ, ಓತಿಗಳನ್ನು ನೆಚ್ಚಿ ಬಾಳುತ್ತಿದ್ದ ಎರೆಭೂತ ಹಕ್ಕಿ ಇಂದು ಅಲ್ಲಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮ ಘೋಷಣೆಯಾದುದು ಒಣನಾಡಿನ ಕಾಡಿಗೂ ಬೆಲೆಯಿದೆ ಎಂಬುದಕ್ಕೆ ಮನ್ನಣೆ. ಧಾಮದ ಗಡಿಯ ಹೊರಗಿರುವ ಗೋಮಾಳ, ದಿಬ್ಬ, ಕುರುಚಲುಗಳಿಗೆ ಆ ಮನ್ನಣೆ ಇನ್ನೂ ದೊರೆತಿಲ್ಲ. ಅದಕ್ಕೆ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಶಾಲೆಯ ಮಕ್ಕಳು, ಕುರಿಗಾಹಿಗಳು, ರೈತರು ಸೇರಿ ತಮ್ಮ ಊರಿನ ಓತಿ, ಉಡ, ಹಾವುರಾಣಿಗಳನ್ನು ಅದರಲ್ಲಿ ಬರೆಯಿಸಲಿ. ಕಾಗದದಲ್ಲಿ ಹೆಸರಿದ್ದ ನೆಲವನ್ನು ‘ಏನೂ ಇಲ್ಲದ ಜಾಗ’ ಎನ್ನುವುದು ಕಷ್ಟ.

ಮಲೆನಾಡಿನವರಿಗೆ ಈ ಪಾಠ ಹೊಸದೇನಲ್ಲ. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ಅವರು ಕಂಡಿದ್ದಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯಲ್ಲಿ ಅಂಥದೇ ಓತಿಯೊಂದನ್ನು ಅರಸಿ ಹೋದವರ ಕೈಗೆ ಅದು ಕೊನೆಗೂ ಸಿಗುವುದಿಲ್ಲ. ಕಮರಿಯ ಅಂಚಿನಿಂದ ಜಿಗಿದು ತೇಲಿಹೋಗುತ್ತದೆ. ಅದನ್ನು ಓದಿದ ಯಾರಿಗೂ ಓತಿ ಕೈತಪ್ಪಿತೆಂದು ಬೇಸರವಾಗಿಲ್ಲ. ಮುಳ್ಳುಬಾಲದ ಓತಿ ಥಾರಿನಲ್ಲಿ ಬೆಳಗಿನ ಬಿಸಿಲಿಗೆ ಬಿಲದ ಮಣ್ಣು ಸರಿಸಿ ಹೊರಬರಲಿ. ಕಮಲಾಪುರದ ದಿಬ್ಬದ ಮೇಲೆ ಗಂಟಲಚೀಲದ ಓತಿ ತನ್ನ ಬೀಸಣಿಗೆ ಬಿಚ್ಚಲಿ. ಅವನ್ನು ನೋಡಲು ಬಂದವರು ಬರಿಗೈಯಲ್ಲೇ ಹಿಂದಿರುಗಲಿ.