ಕರಗುವ ನಿಧಿಗೊಂದು ಗುಳಿಗೆ

ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಗಳನ್ನು ಹೊತ್ತು ಬರುತ್ತದೆ. ಮೈನೆರೆಯುವ ವೇಳೆಗೆ ಉಳಿಯುವುದು 3-4 ಲಕ್ಷ. ಇದನ್ನು ಅಂಡನಿಧಿ ಎನ್ನಬಹುದು. ಜಮೆಯೆಂಬುದಿಲ್ಲದೆ ಬರಿಯ ವೆಚ್ಚವೇ ಇರುವ ನಿಧಿ. ಕೆಲವರಲ್ಲಿ ಮೂವತ್ತು ತುಂಬುವ ಮೊದಲೇ ಅದರ ತಳ ಕಾಣುವುದುಂಟು. ಅಂಥವರಿಗೆ ಪ್ರನಾಳಶಿಶು ಚಿಕಿತ್ಸೆಯಲ್ಲಿ ಎಷ್ಟು ಚುಚ್ಚುಮದ್ದು ಕೊಟ್ಟರೂ ದೊರೆಯುವುದು ಒಂದೋ ಎರಡೋ ಅಂಡ.

ಇಂಥ ಸೋದರಿಯರಿಗೆ ಅನೇಕ ವೈದ್ಯರು ಸೂಚಿಸುವ ಗುಳಿಗೆ ಡಿ.ಎಚ್.ಇ.ಎ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಸ್ವಭಾವತಃ ಸ್ರವಿಸುವ ಹಾರ್ಮೋನು ಇದು. ದೇಹವು ಇದರಿಂದಲೇ ಗಂಡು ಹಾರ್ಮೋನನ್ನೂ ಹೆಣ್ಣು ಹಾರ್ಮೋನನ್ನೂ ರಚಿಸಿಕೊಳ್ಳಬಲ್ಲದು. ಎಳೆಯ ಅಂಡಕೋಶಗಳ ಬೆಳವಣಿಗೆಗೆ ಗಂಡು ಹಾರ್ಮೋನು ಕಿಂಚಿತ್ತು ಬೇಕು, ವಯಸ್ಸಿನೊಡನೆ ಡಿ.ಎಚ್.ಇ.ಎ. ಇಳಿಯುತ್ತದೆ, ಇಳಿದುದನ್ನು ಹೊರಗಿನಿಂದ ತುಂಬೋಣ ಎಂಬುದು ತರ್ಕ. ತರ್ಕವೇನೋ ಸೊಗಸಾಗಿದೆ.

ಅದಕ್ಕೆ ಖ್ಯಾತಿ ಬಂದ ಬಗೆಯನ್ನು ನೋಡಿರಿ. 2000ದಲ್ಲಿ ಅಮೆರಿಕದ ವೈದ್ಯರು ಐವರು ಸ್ತ್ರೀಯರಲ್ಲಿ ಕಂಡ ಫಲವನ್ನು ಪ್ರಕಟಿಸಿದರು. ಐವರೇ ಐವರು! 2005ರಲ್ಲಿ ನ್ಯೂಯಾರ್ಕಿನ ಬರಾದ್ ಮತ್ತು ಗ್ಲೈಷರ್ ಎಂಬ ವೈದ್ಯರು 43 ವರ್ಷದ ಒಬ್ಬಾಕೆಯ ವೃತ್ತಾಂತವನ್ನು ಬರೆದರು. ಗುಳಿಗೆ ನುಂಗುತ್ತ ಹೋದಂತೆ ಚಿಕಿತ್ಸೆಯಿಂದ ಚಿಕಿತ್ಸೆಗೆ ಆಕೆಯ ಅಂಡಗಳ ಸಂಖ್ಯೆ ಏರಿತು. ಆಶೆಗೆ ಒಂದು ಸಾಕ್ಷಿಯೇ ಸಾಕಾಯಿತು. ಗುಳಿಗೆ ದೇಶದೇಶಗಳಿಗೆ ಹಬ್ಬಿತು. ಅಮೆರಿಕದಲ್ಲಂತೂ 1994ರ ಕಾನೂನಿನ ಆಶ್ರಯದಲ್ಲಿ ಇದು ಆಹಾರಪೂರಕವೆಂದು ವೈದ್ಯರ ಚೀಟಿಯಿಲ್ಲದೆಯೇ ಬಿಕರಿಯಾಗುತ್ತದೆ. ಕೊಳ್ಳುವವರನ್ನು ಹಳಿಯಲಾರೆ. ನಮ್ಮ ಬಳಕೆಯಲ್ಲಿ ಬಂಜೆಯೆಂಬ ಪದಕ್ಕೆ ಪುಲ್ಲಿಂಗವೇ ಇಲ್ಲ; ಆ ಮಾತನ್ನು ಕೇಳುತ್ತ ಬಾಳುವವಳು ಐವರ ಸಾಕ್ಷ್ಯವನ್ನೂ ನಂಬಿಯಾಳು.

ಆದರೆ ಎಣಿಸತಕ್ಕದ್ದು ಅಂಡಗಳನ್ನೋ, ಮಕ್ಕಳನ್ನೋ? 2015ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ತೂಗಿದರು. ಮೊದಲ ನೋಟಕ್ಕೆ ಲಾಭ ಕಂಡಿತು. ದೋಷಪೂರಿತ ಪ್ರಯೋಗಗಳನ್ನು ಬದಿಗಿರಿಸಿದಾಗ ಆ ಲಾಭ ನಿಶ್ಚಿತವಾಗಿ ಉಳಿಯಲಿಲ್ಲ. 2022ರಲ್ಲಿ ಚೀನದಿಂದ ದೊಡ್ಡ ಪ್ರಯೋಗದ ಫಲ ಬಂತು. ಅಲ್ಪನಿಧಿಯ 821 ಸ್ತ್ರೀಯರಲ್ಲಿ ಕೆಲವರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದರಂತೆಯೇ ತೋರುವ ಹುಸಿಗುಳಿಗೆ. ಎರಡು ಗುಂಪುಗಳಲ್ಲಿಯೂ ಮಗುವನ್ನು ಪಡೆದವರು ನೂರಕ್ಕೆ ಸುಮಾರು 9 ಮಂದಿ. ಯುರೋಪಿನ ತಜ್ಞಮಂಡಲಿ 2019ರಲ್ಲಿಯೇ ಇದನ್ನು ಶಿಫಾರಸು ಮಾಡಲು ಹಿಂಜರಿದಿತ್ತು.

ಮೊಡವೆ, ಚರ್ಮದ ಜಿಡ್ಡು, ಗದ್ದದ ಮೇಲೆ ಕೂದಲು ಇವು ಇದರ ಉಪದ್ರವಗಳು. ಸ್ತನದ ಅರ್ಬುದರೋಗವಿದ್ದವರು ತಜ್ಞರನ್ನು ಕೇಳದೆ ಮುಟ್ಟಲೇಬಾರದು. ಚಿಕಿತ್ಸೆಗೆ ಮುನ್ನ ಎರಡು ಮೂರು ತಿಂಗಳು ಸೇವಿಸಿರೆಂದು ಹೇಳುವುದು ವಾಡಿಕೆ. ಇಪ್ಪತ್ತೈದರ ಹೆಣ್ಣಿಗೆ ಆ ಅವಧಿ ಏನೂ ಅಲ್ಲ. ನಲವತ್ತೊಂದರವಳು ಮಾತ್ರ, ಅಷ್ಟು ಕಾಯುವುದರಿಂದ ತನಗೆ ಮಗುವಾಗುವ ಸಂಭವ ಎಷ್ಟು ಹೆಚ್ಚುತ್ತದೆಂದು ವೈದ್ಯರನ್ನು ಕೇಳಿಯೇ ಚೀಟಿಯನ್ನು ಕೈಗೆ ತೆಗೆದುಕೊಳ್ಳಲಿ.