ಪಡಸಾಲ್ಯಾಗಿನ ಕಾಗದದ ಅಣಬಿ

ನಮ್ಮ ಮನಿಗೆ ಬಂದಾವ್ರೆಲ್ಲಾ ಮೊದಲ ಕೇಳೂದು ಒಂದ ಮಾತು. "ಇದೇನ್ರೀ, ಗ್ವಾಡಿಗೆ ಅಣಬಿ ಯಾಕ ತೂಗ ಹಾಕೀರಿ?" ಪಡಸಾಲ್ಯಾಗ, ಗಣಪತಿ ಫೋಟೊದ ಬಾಜೂಕ, ಒಂದು ಚೌಕಟ್ಟಿನ್ಯಾಗ ಕೆಂಪು ಬಿಳಿ ಕಾಗದದ ಸುರುಳಿಯಿಂದ ಮಾಡಿದ ಅಣಬಿ ಅದ. ಎಡಗಡೆ ಥೋಡೆ ಸೊಟ್ಟ ಆಗ್ಯದ. ಮಾಡಿದಾಂವ ನನ್ನ ಮಗ, ಎಂಟನೇತ್ತ ಕಲೀತಾನ. ಮಾರಿಯೊ ಅನ್ನೂ ವಿಡಿಯೊ ಗೇಮಿನ ಅಣಬಿ ಅದು.

ಹೋದ ವಾರ ಬಾಜೂ ಮನಿ ಕಾಕು ಬಂದಾಗ ಅದನ್ನ ಬಗ್ಗಿ ನೋಡಿದ್ರು. "ಇಷ್ಟ ಕಷ್ಟಪಟ್ಟ ಮಾಡೂದರಾಗ ಒಂದು ಬಸವಣ್ಣನ ಮೂರ್ತಿನೋ, ಗೋಳಗುಮ್ಮಟಾನೋ ಮಾಡಿಸಿದ್ರ ಚಲೋ ಇತ್ತಲ್ಲ. ಗೇಮಿಂದ್ಯಾಕ? ಮೊದಲ ಹುಡುಗೂರು ಅದರಾಗ ಮುಳುಗಿ ಕುಂತಾವು" ಅಂದ್ರು. ಒಲಿ ಮ್ಯಾಲ ಹಾಲಿತ್ತು, ಉತ್ತರಾ ಕೊಡಾಕ ಆಗಲಿಲ್ಲ. ಅದಕ್ಕ ಇಲ್ಲಿ ಬರೀತೀನಿ. ಕಾಕು, ಸಿಟ್ಟಾಗಬ್ಯಾಡ್ರಿ. ನೀವು ಕೇಳಿದ್ದು ಖರೇನ ಕೇಳೂವಂಥಾ ಮಾತು.

ಮೊದಲ ನನ್ನ ತಪ್ಪು ಹೇಳಿಬಿಡ್ತೀನಿ. ಕಳದ ಮಾರ್ಚ್ ತಿಂಗಳದಾಗ ಮಗನ ಪರೀಕ್ಷಾ ಹತ್ತಿರ ಇದ್ದಾಗ, ರಾತ್ರಿ ಹನ್ನೊಂದಕ್ಕ ಹಾಸಿಗಿ ಒಳಗ ಫೋನ್ ಹಿಡದು ಆಡಾಕತ್ತಿದ್ದ. ಕಸಗೊಂಡು ತಿಜೋರಿಯೊಳಗ ಕೀಲಿ ಹಾಕಿದೆ. ಅಷ್ಟಕ್ಕ ಬಿಡ್ಲಿಲ್ಲ, ಒಂದು ಏಟು ಹಾಕಿದೆ. "ಮೂರು ಹೊತ್ತೂ ಇದs ಶನಿ ಹಿಡಕೊಂಡು ಕುಂದರ್ತಿ" ಅಂತ ಒದರಿದೆ. ಅಂವ ಅಳಲಿಲ್ಲ. "ನಾ ಏನ್ ಆಡ್ತೀನಂತ ಒಂದ ಸಲನಾದ್ರೂ ಕೇಳೀ ಏನವ್ವಾ?" ಅಂದ. ಆಮ್ಯಾಲ ನಾಕು ದಿನ ಮಾತಿಲ್ಲ. ಉಣ್ಣಾಕ ಬಾ ಅಂದ್ರ ಬರ್ತಿದ್ದ, ಉಂಡು ಎದ್ದು ಹೋಗ್ತಿದ್ದ. ಮನಿಯೊಳಗ ಬಾಡಿಗಿದಾರ ಇದ್ದಂಗ.

ನಾ ಕೇಳೇ ಇರಲಿಲ್ಲ, ಖರೇ. ಅವನ ಅಂಗಿ ಅಳತಿ ಗೊತ್ತು, ಬೂಟಿನ ನಂಬರ್ ಗೊತ್ತು, ಯಾವ ಪಲ್ಯಾ ತಿನ್ನೂದಿಲ್ಲ ಅಂತ ಗೊತ್ತು. ದಿನಾ ಎರಡು ತಾಸು ಅಂವ ಯಾವ ಆಟದಾಗ ಇರ್ತಾನ, ಅದರ ಹೆಸರೇನು, ಅದು ಗೊತ್ತಿಲ್ಲ. ನಿಮಗ ಗೊತ್ತದೇನ್ರೀ ಅಕ್ಕಾರ? ಒಮ್ಮೆ ವಿಚಾರ ಮಾಡಿ ನೋಡ್ರಿ.

ಪರೀಕ್ಷಾ ಮುಗದು ಸೂಟಿ ಬಿಟ್ಟ ಮ್ಯಾಲ ಬಬಲೇಶ್ವರಕ್ಕ ತವರಮನಿಗೆ ಹೋದ್ವಿ. ತಿಕೋಟಾದಿಂದ ನಮ್ಮಕ್ಕನ ಮಗಳೂ ಬಂದಿದ್ಲು. ಅವರ ಕಡೆ ದ್ರಾಕ್ಷಿ ಕೊಯ್ಯೂದು, ಮನೂಕ ಒಣಾ ಹಾಕೂದು ಎಲ್ಲಾ ಮುಗದು ಕೈ ಖಾಲಿ ಆಗಿದ್ದ ದಿನಾ ಅವು. ಆಕಿ ಕ್ವಿಲಿಂಗ್ ಮಾಡ್ತಾಳ, ಕಾಗದದ ಸಣ್ಣ ಪಟ್ಟಿ ಸುತ್ತಿ ಕಿವ್ಯಾಗಿನವು, ರಾಖಿ, ಹೂವ ಎಲ್ಲಾ. ಆಕಿ ಪಟ್ಟಿ ಸುತ್ತೂದನ್ನ ನೋಡಿ ಇಂವ, "ಅಕ್ಕಾ, ಇದರಾಗ ಮಾರಿಯೊನ ಅಣಬಿ ಬರ್ತದೇನು?" ಅಂತ ಕೇಳಿದ.

ನಾ ಅಡಗಿಮನ್ಯಾಗ ಇದ್ದೆ. ಮಾರಿಯೊ ಅಂದದ್ದು ಕಿವಿಗೆ ಬಿದ್ದ ಕೂಡ್ಲೆ ಹೊರಗ ಬಂದೆ. "ಮೀಸಿ ಇರಾಂವ, ಜಿಗದು ಇಟ್ಟಂಗಿ ಒಡೀತಾನಲ್ಲ, ಅಂವಾ ಏನೋ?" ಅಂದೆ. ಮಗ ನನ್ನ ಮಾರಿ ನೋಡಿದ ಪರಿ ನಾ ಮರಿಯೂದಿಲ್ಲ. "ಅವ್ವಾ, ನಿನಗ ಹೆಂಗ ಗೊತ್ತು?"

ಹೆಂಗ ಗೊತ್ತಿರೂದಿಲ್ಲ? ನಾ ಸಣ್ಣಾಕಿ ಇದ್ದಾಗ ಇದೇ ಬಬಲೇಶ್ವರದ ಮನ್ಯಾಗ ನಮ್ಮಣ್ಣ ಟಿ.ವಿ.ಗೆ ಜೋಡಿಸೂ ಗೇಮ್ ತಂದಿದ್ದ, ಹಳದಿ ಕ್ಯಾಸೆಟ್ ಹಾಕೂವಂಥಾದ್ದು. ಓಣಿ ಗಂಡ ಹುಡುಗೂರೆಲ್ಲಾ ಕೂಡಿ ಆಡ್ತಿದ್ರು. ನಾ ಬಾಗಲದಾಗ ನಿಂತು ನೋಡಾಕಿ. ಒಂದ ಸಲ ಕೈಯಾಗ ಕೊಟ್ರು, ಎದುರ ಬಂದ ಮೊದಲನೇ ರಾಕ್ಷಸಗ ತಾಗಿ ಸತ್ತೆ. ಎಲ್ಲಾರೂ ನಕ್ಕರು. ಅಷ್ಟರಾಗ ಒಳಗಿಂದ "ಹಿಟ್ಟ ನಾದಾಕ ಬಾ" ಅಂತ ಕರದ್ರು. ಮುಗೀತು ನನ್ನ ಆಟ. ಇದನ್ನ ಮಗಗ ಹೇಳಿದೆ. ಅಂವ ನಗಲಿಲ್ಲ. "ಮೊದಲನೇದಕ್ಕ ಎಲ್ಲಾರೂ ಸಾಯ್ತಾರವ್ವಾ" ಅಂದ. ಎಷ್ಟೋ ದಿನದ ಮ್ಯಾಲ ಅಂವ ನನ್ನ ಕೂಡ ಆಡಿದ ಉದ್ದನ್ನ ಮಾತು ಅದು.

ಈಗ ಮಾಡೂ ರೀತಿ ಹೇಳ್ತೀನಿ, ಬೇಕಾದಾವ್ರು ಮಾಡ್ರಿ. ಹಳೇ ಕಾಲದ ಗೇಮಿನ ಚಿತ್ರಾ ಅಂದ್ರ ಬರೇ ಚೌಕಾ ಚೌಕಾ ಕೂಡಿಸಿದ್ದು. 1985ರಾಗ ನಿಂಟೆಂಡೊದವರು ಮಾಡಿದ ಸೂಪರ್ ಮಾರಿಯೊದಾಗ ಈ ಅಣಬಿ 16 ಚೌಕ ಅಗಲ, 16 ಚೌಕ ಎತ್ತರ. ಅದಕ್ಕ ದಪ್ಪ ರಟ್ಟಿನ ಮ್ಯಾಲ ಒಂದು ಸೆಂಟಿಮೀಟರಿಗೊಂದು ಗೆರಿ ಎಳದು 256 ಮನಿ ಮಾಡಿದ್ವಿ. ಮೂಲಿ ಮನಿ ಖಾಲಿ ಇರ್ತಾವು, ಉಳದದ್ದಕ್ಕ ಒಂದೊಂದು ಮನಿಗೆ ಒಂದೊಂದು ಸುರುಳಿ. ಇನ್ನೂರರ ಹತ್ತಿರ ಸುರುಳಿ ಬೇಕಾದ್ವು.

ಕಿಟ್ ಗಿಟ್ ಕೊಂಡು ತರಬ್ಯಾಡ್ರಿ. ಬಣ್ಣದ ಎ-4 ಹಾಳಿ, ಥೋಡೆ ದಪ್ಪನ್ನದು, ಐದು ಮಿಲಿಮೀಟರ್ ಅಗಲ ಪಟ್ಟಿ ಕತ್ತರಿಸಿದ್ರ ಒಂದು ಹಾಳಿಗೆ 42 ಪಟ್ಟಿ ಬರ್ತಾವು. ಐದಾರು ಹಾಳ್ಯಾಗ ಕೆಲಸ ಮುಗೀತದ. ಸುತ್ತಾಕ, ಕೌದಿ ಹೊಲಿಯೂ ದೊಡ್ಡ ಸೂಜಿ ತಗೊಂಡು ಅದರ ಕಣ್ಣಿನ ತುದಿ ಪಕ್ಕಡದಿಂದ ಕತ್ತರಿಸಿದ್ರ ಸೀಳು ಆಗ್ತದ, ಆ ಸೀಳಿನ್ಯಾಗ ಪಟ್ಟಿ ತುದಿ ಸಿಗಿಸಿ ತಿರುವೂದು. ಸುತ್ತಿ ಬಿಟ್ಟ ಕೂಡ್ಲೆ ಸುರುಳಿ ಬಿಚ್ಕೊಳ್ತದ. ಎಲ್ಲಾ ಒಂದ ಅಳತಿಗೆ ಬರಬೇಕಂದ್ರ ಗುಂಡನ ತೂತು ಇರೂ ಪ್ಲಾಸ್ಟಿಕ್ ಸ್ಟೆನ್ಸಿಲ್‌ನ್ಯಾಗ, ಒಂದು ಸೆಂಟಿಮೀಟರ್ ತೂತಿನೊಳಗ ಬಿಟ್ಟು ಬಿಚ್ಚಾಕ ಕೊಡ್ರಿ, ಆಮ್ಯಾಲ ತುದಿಗೆ ಒಂದು ಚುಕ್ಕಿ ಫೆವಿಕಾಲ್. ಭಾಳ ಹಚ್ಚಿದ್ರ ಕಾಗದ ಮೆತ್ತಗಾಗಿ ಕುಸೀತದ. ನಾಕೂ ಕಡೆ ಚಿವುಟಿದ್ರ ಗುಂಡನದ್ದು ಚೌಕ ಆಗ್ತದ. ಅಷ್ಟ.

ನಮ್ಮವ್ವ ಜಗಲಿ ಮ್ಯಾಲ ಕುಂತು ನೋಡಾಕತ್ತಿದ್ಲು. ಫೋನಂದ್ರ ಆಕಿಗೆ ಆಗೂದಿಲ್ಲ. ಆದ್ರ ಸುರುಳಿ ಸುತ್ತೂದು ನೋಡಿ ಆಕಿ ಕೈ ತಡೀಲಿಲ್ಲ. "ತಾ ಇಲ್ಲಿ, ಗವಲಿ ಹೊಸದಂಗ ಅದ" ಅಂದು ಒಂದು ಪಟ್ಟಿ ತಗೊಂಡ್ಲು. ಮದುವಿ ಮನ್ಯಾಗ ಗವಲಿ, ಪರಡಿ, ಶಾವಿಗಿ ಮಾಡಿದ ಬಟ್ಟು ಅವು. ಸೂಜಿ ಇಲ್ಲದನ ಬರೇ ಹೆಬ್ಬಟ್ಟು, ತೋರಬಟ್ಟಿನಿಂದ ಸುತ್ತಿದ್ಲು. ನಮ್ಮೆಲ್ಲಾರ ಸುರುಳಿಗಿಂತ ಆಕೀದ ಚಂದ.

ಮರದಿನ ಮಗ ಆರನೇ ಸಾಲು ಅಂಟಸಾಕತ್ತಿದ್ದ. ಅವ್ವ ದೂರಿಂದನ, "ತಮ್ಮಾ, ಬಲಕ ಒಂದು ಬಿಳೇದು ಜಾಸ್ತಿ ಆತು. ಎಡಕ ಮೂರು, ಬಲಕ ನಾಕು ಹಾಕೀ" ಅಂದ್ಲು. ಎಣಿಸಿ ನೋಡಿದ್ರ ಖರೇ. ಮಗ ಬೆರಗಾದ. "ಅಮ್ಮಾ, ನೀ ಗೇಮ್ ಆಡೀ ಏನು?" ಆಕಿ ನಕ್ಕೋತ ಒಳಗ ಹೋಗಿ ಟ್ರಂಕಿನ್ಯಾಗಿಂದ ತನ್ನ ಇಳಕಲ್ ಸೀರಿ ತಂದು ಅವನ ತೊಡಿ ಮ್ಯಾಲ ಹಾಸಿದ್ಲು. ಸೆರಗಿನ ತುಂಬ ಕಸೂತಿ. ಗೋಪುರ, ತೇರು, ಆನಿ, ನವಿಲು, ತುಳಸಿ ವೃಂದಾವನ. "ಇದಕ್ಕೂ ಗೆರಿ ಬರಕೊಳ್ಳೂದಿಲ್ಲಪಾ. ಬಟ್ಟಿ ಎಳಿ ಎಣಿಸಿ ಎಣಿಸಿ ಹಾಕೂದು. ಒಂದು ಎಳಿ ತಪ್ಪಿದ್ರ ಆನಿ ಸೊಂಡಿ ಮುರೀತದ. ನಿಂದೂ ಇದೇ ಎಣಿಕಿ, ತಗೊ" ಅಂದ್ಲು.

ನೋಡ್ರಿ, ಇದು ನನ್ನ ತಲಿಗೆ ಎಂದೂ ಹೊಳದಿರಲಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಕು ಥರಾ ಹೊಲಗಿ ಇರೂ ಕಸೂತಿ, ಗಂಟ ಹಾಕದನ, ಎಳಿ ಎಣಿಸಿ ಚಿತ್ರಾ ಕೂಡಸೂ ವಿದ್ಯಾ. ಮೆಂತಿ ಹೊಲಗಿ ಅಂತೂ ಒಂದೊಂದು ಕಾಳು ಇಟ್ಟಂಗ ಕಾಣ್ತದ. ಈಗಿನ ಹುಡುಗೂರು ಪಿಕ್ಸೆಲ್ ಅಂತಾರಲ್ಲ, ಅದನ್ನ ನಮ್ಮ ಅಜ್ಜಿಗೋಳು ಸೂಜೀಲೆ ಮಾಡ್ಯಾರ. ಫೋನ್ ಕಂಡ್ರ ಮಾರಿ ತಿರುವೂ ಅಜ್ಜಿ, ಫೋನ್ ಬಿಡಲಾರದ ಮೊಮ್ಮಗ, ಇಬ್ಬರೂ ಒಂದ ಹಾಳಿಗೆ ಬಗ್ಗಿ ಎಣಿಸಾಕತ್ತಿದ್ರು. ಮೂರು ದಿನ ಹಿಡೀತು ಅಣಬಿ ಮುಗ್ಯಾಕ.

ಕಾಕು, ಈಗ ನಿಮ್ಮ ಮಾತಿಗೆ ಬರ್ತೀನಿ. ಬಸವಣ್ಣ ಯಾಕ ಮಾಡಿಸಲಿಲ್ಲ? ಮಾಡು ಅಂದಿದ್ರ ಮಾಡ್ತಿದ್ದ, ಶಾಲಿ ಪ್ರೊಜೆಕ್ಟ್ ಮಾಡಿದಂಗ. ಅಂದ್ರ, ಅಂವ ಅರ್ಧಾ ಮಾಡಿ ಬಿಡ್ತಿದ್ದ, ಉಳದದ್ದು ರಾತ್ರಿ ಹನ್ನೆರಡರ ತನಕಾ ಕುಂತು ನಾ ಮಾಡ್ತಿದ್ದೆ. ನಾವೆಲ್ಲಾ ಹಂಗ ಮಾಡೀವಿ, ಸುಳ್ಳ ಯಾಕ ಹೇಳೂದು. ನಮ್ಮವ್ವನ ಸೆರಗಿನ್ಯಾಗ ತೇರು, ಆನಿ ಯಾಕ ಬಂದ್ವು? ಕಸೂತಿ ಹಾಕಿದಾಕಿ ಅವನ್ನ ನೋಡಿದ್ಲು, ಮನಸಿಗೆ ಹಚ್ಚಕೊಂಡಿದ್ಲು. ಆಕಿ ಕಂಡದ್ದು ಆಕಿ ಹಾಕಿದ್ಲು, ಇಂವ ಕಂಡದ್ದು ಇಂವ ಹಾಕಿದ. ಹುಡುಗೂರು ಹಚ್ಚಕೊಂಡದ್ದನ್ನ ನಾವು ಹೊಲಸಂತ ದೂರ ಸರಿಸಿದ್ರ, ಅದರ ಜೋಡಿ ಅವರೂ ದೂರ ಸರೀತಾರ. ನನಗ ನಾಕು ದಿನದಾಗ ಅದು ಗೊತ್ತಾತು.

ಮತ್ತ ಗೇಮ್ ಅಂದ್ರ ಎಲ್ಲಾ ಒಂದ ಅಲ್ಲ, ಇದನ್ನೂ ಮಗನ ಕಡಿಂದನ ಕಲ್ತೆ. ರೊಕ್ಕ ಹಚ್ಚಿ ಆಡೂವನ್ನ ನಾ ಎಂದೂ ಚಲೋ ಅನ್ನೂದಿಲ್ಲ. 2025ರ ಆಗಸ್ಟ್‌ದಾಗ ಕೇಂದ್ರ ಸರ್ಕಾರ ಅಂಥಾವಕ್ಕ ಕಾಯ್ದೆ ತಂದು ಬಂದ ಮಾಡಿದ್ದು ಚಲೋ ಆತು. ಆದ್ರ 1980ರಾಗ ಜಪಾನದ ತೋರು ಇವಾತಾನಿ ಅನ್ನಾವ್ರು ಪ್ಯಾಕ್‌ಮನ್ ಆಟ ಮಾಡಿದ್ದು ಯಾಕಂತ ಗೊತ್ತದೇನು? ಆವಾಗಿನ ಆಟೆಲ್ಲಾ ಬರೇ ಗುಂಡ ಹಾರಸೂವು, ಹೆಣ್ಣಮಕ್ಕಳು ಹತ್ತಿರ ಬರ್ತಿರಲಿಲ್ಲ. ಅವರೂ ಬಂದು ಆಡಲಿ ಅಂತ, ತಿನ್ನೂದನ್ನ ಆಟ ಮಾಡಿದ್ರು. ಮತ್ತ ಈ ಮಾರಿಯೊ ಮಾಡಿದ ನಿಂಟೆಂಡೊ 1889ರಾಗ ಕ್ಯೋಟೊದಾಗ ಸುರು ಆದದ್ದು ಕಾಗದದ ಇಸ್ಪೀಟ ಎಲಿ ಮಾಡೂ ಅಂಗಡಿ ಆಗಿ. ಕಾಗದದಿಂದ ಹುಟ್ಟಿದ ಮನಿ ಆಟ ತಿರುಗಿ ನಮ್ಮ ಮನ್ಯಾಗ ಕಾಗದಾನ ಆತು.

ಇನ್ನೊಂದು ಮಾತು ಬಂಧುಗಳ ಕಡಿಂದ ಬಂತು. "ಗಂಡ ಹುಡುಗ, ಹೆಂಗಸರಂಗ ಕುಂತು ಸುರುಳಿ ಸುತ್ತತಾನ." ಕೇಳಿ ಹುಡುಗನ ಕೈ ಒಂದು ಗಳಿಗಿ ನಿಂತಿತು. ಈ ಮಾತು ಆಡೂದಕ್ಕಿಂತ ಮೊದಲ ಥೋಡೆ ನೋಡ್ರಿ. ಯುರೋಪಿನ ಮಠದಾಗ ಪುಸ್ತಕದ ಬಂಗಾರ ಬಳದ ಅಂಚು ಕತ್ತರಿಸಿ, ಹಕ್ಕಿ ಗರಿಗೆ ಸುತ್ತಿ ದೇವರ ಚಿತ್ರಾ ಸಿಂಗಾರ ಮಾಡ್ತಿದ್ದಾವ್ರು ಬರೇ ಸನ್ಯಾಸಿನಿಯರಲ್ಲ, ಸನ್ಯಾಸಿಗೋಳೂ ಇದ್ರು. ಕ್ವಿಲ್ ಅಂದ್ರನ ಗರಿ. ನಮ್ಮ ಕಡೆ ಅಂಗಿ ಹೊಲಿಯಾಂವ ಗಂಡಸು, ಬಾಸಿಂಗ ಕಟ್ಟೂ ಮನ್ಯಾಗ ಗಂಡಸರೂ ಕುಂದರ್ತಾರ. ಕೈಗೆ ಗಂಡು ಹೆಣ್ಣು ಇಲ್ರೀ. ನನಗ "ಗೇಮ್ ಬ್ಯಾಡ, ಹಿಟ್ಟ ನಾದು" ಅಂದ್ರು, ಅವಗ "ಸುರುಳಿ ಬ್ಯಾಡ, ಹೊರಗ ಹೋಗು" ಅಂತಾರ. ಎರಡೂ ಒಂದ ತಕ್ಕಡಿ.

"ಹಂಗಾರ ಫೋನ್ ಬಿಟ್ಟನೇನು?" ಇದು ಎಲ್ಲಾರೂ ಕೇಳೂ ಕಡೀ ಪ್ರಶ್ನಿ. ಇಲ್ಲ, ಬಿಟ್ಟಿಲ್ಲ. ಇವತ್ತೂ ಆಡ್ತಾನ. ರಾತ್ರಿ ಒಂಬತ್ತಕ್ಕ ಫೋನ್ ನನ್ನ ಕೈಗೆ ಕೊಡೂ ಕರಾರು ಆಗ್ಯದ, ವಾರದಾಗ ಒಂದೆರಡು ಸಲ ಅದಕ್ಕೂ ಜಗಳಾ ಆಗ್ತದ. ಕಾಗದದ ಸುರುಳಿ ಫೋನ್ ಬಿಡಸೂ ಔಷಧ ಅಂತ ಹೇಳಿದ್ರ ನಿಮಗ ಮೋಸ ಮಾಡಿದಂಗ. ಗಾಳಕ್ಕ ಎರಿಹುಳ ಹಚ್ಚಿದಂಗ ಇದನ್ನ ಹಚ್ಚಬ್ಯಾಡ್ರಿ, ಹುಡುಗೂರಿಗೆ ಅದು ಲಗೂನ ತಿಳೀತದ. ಬದಲಾದದ್ದು ಒಂದ. ಈಗ ಅಂವ ಆಡ್ಕೋತ, "ಅವ್ವಾ, ಇಲ್ಲಿ ನೋಡು" ಅಂತ ಕರೀತಾನ. ನಾ ಹಿಟ್ಟಿನ ಕೈಲೆನ ಹೋಗಿ ನೋಡ್ತೀನಿ. ಜಗಳಾ ಆದ್ರೂ ಮಾತು ನಿಂದರೂದಿಲ್ಲ. ನನಗ ಅಷ್ಟ ಸಾಕು.

ಮಾಡೂದಾದ್ರ ಒಂದ ಮಾತು ನೆನಪಿಡ್ರಿ. ಸೊಟ್ಟ ಆದ್ರ ಆಗಲಿ, ನೀವು ತಿದ್ದಬ್ಯಾಡ್ರಿ. ನಮ್ಮ ಅಣಬಿ ಎಡಗಡೆ ಸೊಟ್ಟ ಇರೂ ಸಾಲು ರಾತ್ರಿ ಸರಿ ಮಾಡಬೇಕಂತ ನನ್ನ ಕೈ ಭಾಳ ತುರಸ್ತು. ಅವ್ವ ಬ್ಯಾಡಂದ್ಲು. "ಅದು ಅವಂದು, ನಿಂದಲ್ಲ" ಅಂದ್ಲು.

ಆಟದಾಗ ಆ ಅಣಬಿ ತಿಂದ್ರ ಸಣ್ಣ ಮಾರಿಯೊ ದೊಡ್ಡಾಂವ ಆಗ್ತಾನಂತ. ಮಗಾನ ಹೇಳಿದ್ದು. ಈ ದೀಪಾವಳಿ ಸೂಟ್ಯಾಗ ತಿಕೋಟಾಕ್ಕ ಹೋಗಿ ಪ್ಯಾಕ್‌ಮನ್ ಮಾಡೂದದ, ಹಳದಿ ಹಾಳಿ ಈಗನ ತಂದಿಟ್ಟೀವಿ. ಕಾಕು, ನಿಮ್ಮ ಮೊಮ್ಮಗನ್ನೂ ಕಳಿಸ್ರಿ. ಕಳಸೂಕಿಂತ ಮೊದಲ ಅಂವ ಏನ್ ಆಡ್ತಾನಂತ ಒಮ್ಮೆ ಕೇಳಿ ನೋಡ್ರಿ.