ಏಳು ವಾರವೋ, ಎರಡು ದಿನವೋ

ಬಾಯಿ, ಗಂಟಲಿನ ಕ್ಯಾನ್ಸರನ್ನು ಗುಣಪಡಿಸಲೆಂದು ಕೊಡುವ ರೇಡಿಯೇಷನ್ ಸಾಮಾನ್ಯವಾಗಿ 70 ಗ್ರೇ (ವಿಕಿರಣ ಅಳೆಯುವ ಮಾನ). ವಾರಕ್ಕೆ 5 ದಿನದಂತೆ 35 ಸಲ, ಒಟ್ಟು 7 ವಾರ. ಗಟ್ಟಿಮುಟ್ಟಾದವರಿಗೂ ಇದು ಸುಲಭವಲ್ಲ. ಮುಖದ ಅಚ್ಚು ತೆಗೆದು ಮಾಡಿದ ಪ್ಲಾಸ್ಟಿಕ್ ಮಾಸ್ಕನ್ನು ಟೇಬಲ್ಲಿಗೆ ಬಿಗಿದಾಗ ಅಲುಗಾಡದೆ ಮಲಗಿರಬೇಕು. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು, ನಾಲಗೆಗೆ ರುಚಿಯಿಲ್ಲ, ಗಂಜಿ ನುಂಗಿದರೂ ಕಣ್ಣಲ್ಲಿ ನೀರು. ಮೊದಲೇ ಸೊರಗಿದ ಅಜ್ಜನಿಗಾದರೆ ಮೂಗಿಗೆ ನಳಿಗೆ ಹಾಕಿ ಆಹಾರ ಕೊಡಬೇಕಾಗಿ ಬರುವುದು ಅಪರೂಪವೇನಲ್ಲ.

ಹಾಗೆಂದು ವಯಸ್ಸು ಎಪ್ಪತ್ತು ದಾಟಿತೆಂಬ ಒಂದೇ ಕಾರಣಕ್ಕೆ ಪೂರ್ಣ ಚಿಕಿತ್ಸೆ ತಪ್ಪಿಸುವುದು ಅನ್ಯಾಯ. ಈಗಲೂ ದಿನಾ ಹೊಲಕ್ಕೆ ಹೋಗಿ ಬರುವವರ ಗೆಡ್ಡೆ ಕರಗುವುದಕ್ಕೆ ವಯಸ್ಸು ಅಡ್ಡಿಯಲ್ಲ. ಕೀಮೋ ಮಾತು ಬೇರೆ: ಸಾವಿರಾರು ರೋಗಿಗಳ ಮಾಹಿತಿ ಕೂಡಿಸಿ ನೋಡಿದ ಅಧ್ಯಯನಗಳಲ್ಲಿ, ರೇಡಿಯೇಷನ್ ಜೊತೆ ಕೀಮೋ ಸೇರಿಸುವುದರ ಲಾಭ ವಯಸ್ಸಾದಂತೆ ಕುಗ್ಗಿ, ಎಪ್ಪತ್ತರ ನಂತರ ಸ್ಪಷ್ಟವಾಗಿ ಕಾಣಿಸಲಿಲ್ಲ. ಅದನ್ನು ಬಿಟ್ಟು ಬರೀ ರೇಡಿಯೇಷನ್ ಕೊಟ್ಟರೆ ಕೊರತೆ ಮಾಡಿದಂತಲ್ಲ.

ಇನ್ನೊಂದು ದಾರಿ ಚಿಕ್ಕ ಕೋರ್ಸ್. ದೆಹಲಿಯ ಏಮ್ಸ್ 20 ಗ್ರೇಯನ್ನು 5 ಸಲದಲ್ಲಿ, ಮುಂಬೈನ ಟಾಟಾ ಆಸ್ಪತ್ರೆ 40 ಗ್ರೇಯನ್ನು 16 ಸಲದಲ್ಲಿ ಕೊಟ್ಟು ನೋಡಿವೆ. ಇನ್ನೂ ಚಿಕ್ಕದು ‘ಕ್ವಾಡ್ ಶಾಟ್’: ದಿನಕ್ಕೆ ಎರಡರಂತೆ ಎರಡೇ ದಿನದಲ್ಲಿ 4 ಸಲ, ಸುಮಾರು 14 ಗ್ರೇ. ನೋವು, ರಕ್ತಸ್ರಾವ ಹಲವರಲ್ಲಿ ಇಳಿಯುತ್ತದೆ, ನುಂಗಲು ತುಸು ಸಲೀಸಾಗುತ್ತದೆ. ಆದರೆ ಗುಣವಾಗುವ ಆಸೆಯನ್ನು ಬಹುಪಾಲು ಬಿಟ್ಟುಕೊಟ್ಟೇ ಈ ನೆಮ್ಮದಿ ಪಡೆಯಬೇಕು. ರಾಯಚೂರಿನ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದವರು ಎರಡು ತಿಂಗಳು ಕೂಲಿ ಬಿಟ್ಟು ಉಳಿಯಲಾರರೆಂಬ ಕಾರಣಕ್ಕೇ ಚಿಕ್ಕ ಕೋರ್ಸ್ ಬರೆದರೆ, ಅದು ಬಡತನ ಮಾಡಿದ ತೀರ್ಮಾನ, ವೈದ್ಯಕೀಯದ್ದಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ದೊಡ್ಡದನ್ನು ಶುರುಮಾಡಿ ನಡುವೆ ಕೈಬಿಡುವುದು. ನಾಲ್ಕನೇ ವಾರದ ಸುಮಾರಿಗೆ ಉಳಿದ ಕ್ಯಾನ್ಸರ್ ಕೋಶಗಳು ಬೇಗ ಬೇಗ ಹೆಚ್ಚತೊಡಗುತ್ತವೆ. ಚಿಕಿತ್ಸೆ ಲಂಬಿಸಿದ ಪ್ರತಿ ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಕುಸಿಯುತ್ತದೆ. ನೋವೆಲ್ಲ ಉಂಡು ಫಲ ಮಾತ್ರ ಸಿಗದ ಸ್ಥಿತಿ ಅದು.

ಆದ್ದರಿಂದ ಯಾರಿಗೆ ಯಾವ ಕೋರ್ಸ್ ಎಂದು ತೀರ್ಮಾನಿಸಲು ಕಣ್ಣಳತೆ ಸಾಲದು. ‘ಜಿ8’ ಎಂಬ 8 ಪ್ರಶ್ನೆಗಳ ಪರೀಕ್ಷೆಯಿದೆ: ಊಟ, ತೂಕ, ಓಡಾಟ, ಮರೆವು, ಎಷ್ಟು ಬಗೆಯ ಮಾತ್ರೆ ಎಂದೆಲ್ಲ ಕೇಳುತ್ತದೆ. ಒಟ್ಟು 17 ಅಂಕಗಳಲ್ಲಿ 14 ಅಥವಾ ಕಡಿಮೆ ಬಂದರೆ ವಿವರವಾದ ತಪಾಸಣೆ ಬೇಕು. ಕೆಲವೇ ನಿಮಿಷದ ಇದನ್ನು ಮಾಡದೆ ಯಾವ ಕೋರ್ಸನ್ನೂ ಬರೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕೇಳಬೇಕಾದದ್ದು ಹಿರಿಯರನ್ನೇ. “ಡಾಕ್ಟ್ರೇ, ಅಪ್ಪಂಗೆ ಏನೂ ಹೇಳ್ಬೇಡಿ” ಎನ್ನುವ ಮಕ್ಕಳದ್ದು ಪ್ರೀತಿಯೇ. ಆದರೆ ಮೊಮ್ಮಗಳ ಮದುವೆವರೆಗೆ ಹೇಗಾದರೂ ಬದುಕಬೇಕೆನ್ನುವವರೂ ಇದ್ದಾರೆ, ಇರುವಷ್ಟು ದಿನ ಬಾಯಿಂದಲೇ ನಾಲ್ಕು ತುತ್ತು ಉಂಡರೆ ಸಾಕೆನ್ನುವವರೂ ಇದ್ದಾರೆ. ಕ್ವಾಡ್ ಶಾಟ್‌ನಲ್ಲಿ ಸುಮಾರು 4 ವಾರಕ್ಕೊಮ್ಮೆ, ಮೂರು ಸುತ್ತಿನವರೆಗೆ, ಮುಂದುವರಿಸಬೇಕೇ ಎಂದು ಮತ್ತೆ ಕೇಳಬಹುದು. ಏಳು ವಾರದ ಕೋರ್ಸಿಗೆ ಆ ಅವಕಾಶವಿಲ್ಲ. ಅಲ್ಲಿ ಮಾಸ್ಕಿನ ಅಚ್ಚು ತೆಗೆಯುವ ಮುಂಚೆಯೇ ಅವರನ್ನು ಕೂರಿಸಿಕೊಂಡು ಕೇಳಬೇಕು.